ಪಕ್ಕದ ಗೆಲಾಕ್ಸಿಯಲ್ಲಿ ನಕ್ಷತ್ರ ಹುಟ್ಟುವ ಜಾಗ: ಚಿಕ್ಕಬಳ್ಳಾಪುರ, ಕೋಲಾರ, ತುಮಕೂರಿನಿಂದ ನೋಡುವುದು ಹೇಗೆ?

"ಚಂದ್ರನ ಗುಳಿ ನೋಡಿದ್ದಾಯ್ತು, ಶನಿಯ ಬಳೆ ನೋಡಿದ್ದಾಯ್ತು, ಮಹಾವ್ಯಾಧನ ನೀಹಾರಿಕೆಯೂ ಆಯ್ತು. ಇನ್ನೊಂದು ಗೆಲಾಕ್ಸಿಯ ಒಳಗಿನ ನೀಹಾರಿಕೆ ನಮ್ಮೂರಿಂದ ಕಾಣುತ್ತಾ?" ಟೆಲಿಸ್ಕೋಪ್ ಕೊಂಡು ಒಂದೆರಡು ವರ್ಷ ಆದವರೆಲ್ಲ ಕೇಳುವ ಪ್ರಶ್ನೆ ಇದು. ಚಿಂತಾಮಣಿಯವರು ಕೇಳಿದ್ದಾರೆ, ಶಿರಾದವರು ಕೇಳಿದ್ದಾರೆ, ಮುಳಬಾಗಿಲಿನವರೂ ಕೇಳಿದ್ದಾರೆ. ಪ್ರತಿ ಸಲ ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ನೀಹಾರಿಕೆ ಅಂದರೆ ಆಕಾಶದಲ್ಲಿರುವ ಅನಿಲ, ದೂಳಿನ ಮೋಡ. ಉತ್ತರ: ಕಾಣುತ್ತೆ. ಅಷ್ಟೇ ಅಲ್ಲ, ಲಂಡನ್ನಿನವರಿಗಿಂತ ನಮಗೆ ಚೆನ್ನಾಗಿ ಕಾಣುತ್ತೆ. ಆದರೆ ಏನನ್ನು ಹುಡುಕಬೇಕು, ಯಾವಾಗ ಹುಡುಕಬೇಕು ಎನ್ನುವುದು ಗೊತ್ತಿರಬೇಕು.

ನಾವು ನೋಡಲು ಹೊರಟಿರುವುದು ಏನು?

ಆಕಾಶಗಂಗೆ ನಮ್ಮ ಗೆಲಾಕ್ಸಿ. ಅದರ ನೆರೆಹೊರೆಯಲ್ಲಿ ಹಲವು ಪುಟ್ಟ ಗೆಲಾಕ್ಸಿಗಳಿವೆ. ಅವನ್ನು ಕುಬ್ಜ ಗೆಲಾಕ್ಸಿ ಎನ್ನುತ್ತಾರೆ. ಅಂಥದ್ದೊಂದು ಧನು ರಾಶಿಯ ಪೂರ್ವದ ಅಂಚಿನಲ್ಲಿ, ಮಕರ ರಾಶಿಗೆ ಹತ್ತಿರದಲ್ಲಿದೆ. ಗೆಲಾಕ್ಸಿ, ನೀಹಾರಿಕೆಗಳ ಪಟ್ಟಿಯಲ್ಲಿ ಅದರ ಹೆಸರು ಎನ್‌ಜಿಸಿ 6822. 1884ರಲ್ಲಿ ಅಮೆರಿಕದ ಎಡ್ವರ್ಡ್ ಎಮರ್ಸನ್ ಬರ್ನಾರ್ಡ್ ಇದನ್ನು ಒಂದು ಸಣ್ಣ ಟೆಲಿಸ್ಕೋಪಿನಲ್ಲಿ ಕಂಡುಹಿಡಿದರು. ಹಾಗಾಗಿ ಇದನ್ನು ಬರ್ನಾರ್ಡ್ ಗೆಲಾಕ್ಸಿ ಎಂದೂ ಕರೆಯುತ್ತಾರೆ. ದೂರ ಸುಮಾರು 16 ಲಕ್ಷ ಜ್ಯೋತಿರ್ವರ್ಷ. ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ. ಅಂದರೆ ಇಂದು ನಿಮ್ಮ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟು 16 ಲಕ್ಷ ವರ್ಷ ಆಗಿದೆ.

ಈ ಪುಟ್ಟ ಗೆಲಾಕ್ಸಿಗೆ ದೊಡ್ಡ ಚರಿತ್ರೆ ಇದೆ. ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ 100 ಇಂಚಿನ (ಅಂದರೆ ಅಷ್ಟು ಅಗಲದ ಕನ್ನಡಿಯ) ಟೆಲಿಸ್ಕೋಪಿನಲ್ಲಿ ಖಗೋಳ ವಿಜ್ಞಾನಿ ಎಡ್ವಿನ್ ಹಬಲ್ ಇದರೊಳಗೆ 11 ಸೆಫೀಡ್ ನಕ್ಷತ್ರಗಳನ್ನು ಗುರುತಿಸಿದರು. ಸೆಫೀಡ್ ಅಂದರೆ ನಿಗದಿತ ಅವಧಿಯಲ್ಲಿ ಬೆಳಕು ಏರಿ ಇಳಿಯುವ ನಕ್ಷತ್ರ. ಆ ಅವಧಿಯಿಂದ ದೂರ ಲೆಕ್ಕ ಹಾಕಬಹುದು. ಹಾಗೆ ಲೆಕ್ಕ ಹಾಕಿ 1925ರಲ್ಲಿ ಅವರು ಇದು ನಮ್ಮ ಗೆಲಾಕ್ಸಿಯ ಆಚೆಗಿರುವ ಬೇರೆಯೇ ನಕ್ಷತ್ರಲೋಕ ಎಂದು ತೋರಿಸಿದರು. ಅದರೊಳಗೆ ಕಂಡ ಮಸುಕು ಮಚ್ಚೆಗಳಿಗೆ ರೋಮನ್ ಅಂಕಿ ಕೊಟ್ಟು ಹಬಲ್ 1ರಿಂದ ಹಬಲ್ 10ರವರೆಗೆ ಗುರುತು ಹಾಕಿದರು. ನಮಗೆ ಬೇಕಾದವು ಎರಡು: ಹಬಲ್ 5 ಮತ್ತು ಹಬಲ್ 10. ಎರಡೂ ನಕ್ಷತ್ರಗಳು ಹುಟ್ಟುವ ಅನಿಲದ ಮೋಡಗಳು. ಹಬಲ್ 5ರ ಅಗಲ ಸುಮಾರು 200 ಜ್ಯೋತಿರ್ವರ್ಷ, ಹಬಲ್ 10ರದು ಸುಮಾರು 110. ಹಬಲ್ 10ರ ನಡುವಿನ ಎಳೆಯ ನಕ್ಷತ್ರಗಳು ಹುಟ್ಟಿ ಸುಮಾರು 40 ಲಕ್ಷ ವರ್ಷ ಅಷ್ಟೇ. ನಮ್ಮ ಸೂರ್ಯನಿಗೆ 450 ಕೋಟಿ ವರ್ಷ ದಾಟಿದೆ. ಆ ಲೆಕ್ಕದಲ್ಲಿ ಅವು ಇನ್ನೂ ಬಾಣಂತಿ ಕೋಣೆಯಿಂದ ಹೊರಗೆ ಬಂದಿಲ್ಲ.

ಒಂದು ಗೊಂದಲ ಇಲ್ಲೇ ಬಗೆಹರಿಸುತ್ತೇನೆ. ಹಬಲ್ 5, ಹಬಲ್ 10 ಎಂಬ ಹೆಸರು ಬಂದಿರುವುದು ಆ ವಿಜ್ಞಾನಿಯಿಂದ, ಬಾಹ್ಯಾಕಾಶದಲ್ಲಿರುವ ಟೆಲಿಸ್ಕೋಪಿನಿಂದ ಅಲ್ಲ. ಮುಂದೆ ಅವರ ಹೆಸರಿನ ಆ ಟೆಲಿಸ್ಕೋಪ್ ಇವೆರಡರ ಚಿತ್ರ ತೆಗೆದದ್ದೂ ನಿಜ.

ನಮಗೆ ಯಾಕೆ ಅನುಕೂಲ? ಎನ್‌ಜಿಸಿ 6822 ಆಕಾಶದ ಸಮಭಾಜಕಕ್ಕಿಂತ, ಅಂದರೆ ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಎಳೆದ ಗೆರೆಗಿಂತ, ಸುಮಾರು 15 ಡಿಗ್ರಿ ದಕ್ಷಿಣಕ್ಕಿದೆ. ನಾವಿರುವುದು 13ರಿಂದ 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ನಮಗೆ ಅದು ದಕ್ಷಿಣದಲ್ಲಿ 61 ಡಿಗ್ರಿಗೂ ಹೆಚ್ಚು ಎತ್ತರಕ್ಕೆ ಏರುತ್ತದೆ. ಲಂಡನ್ನಿನಲ್ಲಿ 24 ಡಿಗ್ರಿಯೂ ಮುಟ್ಟುವುದಿಲ್ಲ. ಎತ್ತರ ಇದ್ದಷ್ಟೂ ಗಾಳಿಯ ಪದರ ತೆಳು, ದೂಳು ಕಡಿಮೆ, ಬೆಳಕು ಜಾಸ್ತಿ.

ಏನೇನು ಬೇಕು?

ಟೆಲಿಸ್ಕೋಪ್: ಗೆಲಾಕ್ಸಿಯನ್ನು ಮಸುಕಾಗಿ ನೋಡಲು 6 ಇಂಚು ಸಾಕು. ಒಳಗಿನ ನೀಹಾರಿಕೆಗಳಿಗೆ 8 ಇಂಚಿನಲ್ಲಿ ಕಷ್ಟಪಡಬೇಕು, 10 ಇಂಚಿನಲ್ಲಿ ಸಿಗುತ್ತವೆ, 12 ಇಂಚಿನಲ್ಲಿ ನಿರಾಳವಾಗಿ ಸಿಗುತ್ತವೆ. ನಮ್ಮ ಕಡೆ ಹೆಚ್ಚಿನವರ ಹತ್ತಿರ ಇರುವುದು 8 ಇಂಚಿನ ಡಾಬ್ಸೋನಿಯನ್. ಡಾಬ್ಸೋನಿಯನ್ ಅಂದರೆ ಮರದ ಪೆಟ್ಟಿಗೆಯ ಮೇಲೆ ಕೂತು ಕೈಯಲ್ಲೇ ತಿರುಗುವ ಕನ್ನಡಿ ಟೆಲಿಸ್ಕೋಪ್. ಕೆಳಗಿನ ಲೆಕ್ಕವೆಲ್ಲ 1200 ಮಿ.ಮೀ. ಫೋಕಲ್ ಲೆಂತ್ (ಕನ್ನಡಿಯಿಂದ ಬಿಂಬ ಮೂಡುವ ಜಾಗಕ್ಕಿರುವ ದೂರ) ಇರುವ ಅಂಥ 8 ಇಂಚಿನದಕ್ಕೆ.

ಐಪೀಸ್: ಕಣ್ಣಿಡುವ ಮಸೂರ. ಎರಡು ಬೇಕು. ಒಂದು 25 ಮಿ.ಮೀ., ಅದು 48 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಇನ್ನೊಂದು 8 ಮಿ.ಮೀ., ಅದು 150 ಪಟ್ಟು.

ಓ-3 ಫಿಲ್ಟರ್: ಇದೇ ಬಹಳ ಮುಖ್ಯ. ಹೊಸದಾಗಿ ಹುಟ್ಟಿದ ಬಿಸಿ ನಕ್ಷತ್ರಗಳು ಅತಿನೇರಳೆ ಬೆಳಕು ಸುರಿಯುತ್ತವೆ. ಸುತ್ತಲಿನ ಅನಿಲ ಅದರಿಂದ ಹೊಳೆಯುತ್ತದೆ. ಆ ಹೊಳಪಿನಲ್ಲಿ ಆಮ್ಲಜನಕದ ಹಸಿರು ಬಣ್ಣದ ಎರಡು ಗೆರೆಗಳು ಪ್ರಬಲವಾಗಿರುತ್ತವೆ: 495.9 ಮತ್ತು 500.7 ನ್ಯಾನೊಮೀಟರ್. ಈ ಫಿಲ್ಟರ್ ಅವೆರಡರ ಆಸುಪಾಸನ್ನು ಮಾತ್ರ ಬಿಟ್ಟು ಮಿಕ್ಕ ಬೆಳಕನ್ನೆಲ್ಲ ತಡೆಯುತ್ತದೆ. ಕತ್ತಲಿಗೆ ಹೊಂದಿಕೊಂಡ ಕಣ್ಣು ಅತಿ ಚುರುಕಾಗಿರುವುದೂ ಸುಮಾರು 507 ನ್ಯಾನೊಮೀಟರಿನಲ್ಲೇ. ಹಾಗಾಗಿ ಈ ಗೆರೆಗಳು ನಮ್ಮ ಕಣ್ಣಿಗೆ ಹೇಳಿ ಮಾಡಿಸಿದ ಹಾಗಿವೆ.

ಇದರ ಜೊತೆಗೆ ಕೆಂಪು ಬೆಳಕಿನ ಟಾರ್ಚು, ಕೂರಲು ಸ್ಟೂಲು, ಒಂದು ಕಂಬಳಿ. ಕಂಬಳಿ ಚಳಿಗಲ್ಲ. ಅದು ಯಾಕೆ ಎಂದು ಮುಂದೆ ಹೇಳುತ್ತೇನೆ.

1. ದಿನ ಆರಿಸುವುದು

ಈ ಗೆಲಾಕ್ಸಿ ನಡುರಾತ್ರಿ ಎತ್ತರದಲ್ಲಿರುವುದು ಜುಲೈನಲ್ಲಿ. ಆಗ ಮೋಡ. ಹಾಗಾಗಿ ನಮಗೆ ಎರಡು ಕಿಟಕಿಗಳಿವೆ.

ಮೊದಲನೆಯದು ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ, ಬೆಳಗಿನ ಜಾವ. ಏಪ್ರಿಲ್ ಮಧ್ಯದಲ್ಲಿ ನಾಲ್ಕೂಮುಕ್ಕಾಲಿಗೆ ಅದು ಆಗ್ನೇಯದಲ್ಲಿ ಸುಮಾರು 49 ಡಿಗ್ರಿ ಎತ್ತರದಲ್ಲಿರುತ್ತದೆ. ಮೇ ಮಧ್ಯದಲ್ಲಿ ನಾಲ್ಕೂವರೆ ಹೊತ್ತಿಗೆ ನೇರ ದಕ್ಷಿಣಕ್ಕೆ, ಪೂರ್ತಿ ಎತ್ತರಕ್ಕೆ ಬಂದಿರುತ್ತದೆ. ಆಮೇಲೆ ಬೆಳಕು ಹರಿಯಲು ಶುರು. ಮೂರು ಗಂಟೆಗೆ ಎದ್ದು ಟೆಲಿಸ್ಕೋಪ್ ಹೊರಗಿಟ್ಟರೆ ಸಮಯ ಸಾಕು.

ಎರಡನೆಯದು ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ, ಸಂಜೆ. ಏಳೂಕಾಲಿಗೆ ಪೂರ್ತಿ ಕತ್ತಲಾಗುತ್ತದೆ. ಅಕ್ಟೋಬರ್ ಮಧ್ಯದಲ್ಲಿ ಆಗ ಅದು 60 ಡಿಗ್ರಿ ಹತ್ತಿರ ಇರುತ್ತದೆ. ತಿಂಗಳ ಕೊನೆಗೆ 50ರ ಆಸುಪಾಸು, ನವೆಂಬರ್ ಮಧ್ಯಕ್ಕೆ 40. ನವೆಂಬರಿನಲ್ಲಿ ಎಂಟು ಗಂಟೆಯೊಳಗೆ ಕೆಲಸ ಮುಗಿಸಿ. ಊಟ ಮಾಡಿಕೊಂಡು ಹೋಗೋಣ ಎಂದರೆ ಅದು ಇಳಿದುಬಿಟ್ಟಿರುತ್ತದೆ.

ಚಂದ್ರ ಇರಬಾರದು. ಅದಕ್ಕೆ ಅಮಾವಾಸ್ಯೆಯೇ ಆಗಬೇಕು ಅಂತೇನೂ ಇಲ್ಲ. ಅಡುಗೆಮನೆ ಗೋಡೆಯ ಕ್ಯಾಲೆಂಡರ್ ನೋಡಿ. ಸಂಜೆ ನೋಡುವವರಿಗೆ ಬಹುಳ ಷಷ್ಠಿ ಕಳೆದ ಮೇಲೆ ಅಮಾವಾಸ್ಯೆವರೆಗೆ ಎಲ್ಲ ದಿನವೂ ಸರಿ, ಚಂದ್ರ ಹುಟ್ಟುವುದೇ ತಡ. ಬೆಳಗಿನ ಜಾವ ನೋಡುವವರಿಗೆ ಅಮಾವಾಸ್ಯೆಯಿಂದ ಶುದ್ಧ ನವಮಿವರೆಗೆ ಸರಿ, ಅಷ್ಟರಲ್ಲಿ ಚಂದ್ರ ಮುಳುಗಿರುತ್ತಾನೆ.

ಎಚ್ಚರ: ದೀಪಾವಳಿ ಅಮಾವಾಸ್ಯೆ ನೋಡಲು ಪ್ರಶಸ್ತ ಎಂದು ಅನ್ನಿಸುತ್ತೆ. ಆದರೆ ಪಟಾಕಿ ಹೊಗೆ ಹಳ್ಳಿಗಳ ಮೇಲೂ ನಿಂತಿರುತ್ತದೆ. ನಾಲ್ಕೈದು ದಿನ ಮುಂಚೆಯೇ ಹೋಗಿ. ನನ್ನ ಕೇಳಿದರೆ ಅತ್ಯುತ್ತಮ ರಾತ್ರಿ ಎಂದರೆ ಸ್ವಾತಿ ಮಳೆ ಜೋರಾಗಿ ಬಿದ್ದು, ಮಾರನೇ ದಿನ ಮೋಡ ತೆರವಾದ ರಾತ್ರಿ. ದೂಳೆಲ್ಲ ತೊಳೆದುಹೋಗಿರುತ್ತದೆ. ಮೇ ತಿಂಗಳಲ್ಲಾದರೆ ಗುಡುಗು ಮಳೆಯ ಮಾರನೇ ಬೆಳಗಿನ ಜಾವ.

2. ಜಾಗ

ಇಲ್ಲಿ ಮೂರು ಜಿಲ್ಲೆಯವರಿಗೆ ಮೂರು ಮಾತು ಹೇಳಬೇಕು, ಯಾಕೆಂದರೆ ಬೆಂಗಳೂರಿನ ಬೆಳಕು ಒಬ್ಬೊಬ್ಬರಿಗೆ ಒಂದೊಂದು ದಿಕ್ಕಿನಲ್ಲಿದೆ.

ಚಿಕ್ಕಬಳ್ಳಾಪುರದವರಿಗೆ ಬೆಂಗಳೂರು ದಕ್ಷಿಣಕ್ಕೆ ಬರುತ್ತದೆ, ಜೊತೆಗೆ ವಿಮಾನ ನಿಲ್ದಾಣ. ನಾವು ನೋಡುವ ದಿಕ್ಕೂ ದಕ್ಷಿಣವೇ. ಹಾಗಾಗಿ ಆದಷ್ಟು ಉತ್ತರಕ್ಕೆ ಹೋಗಿ. ಗುಡಿಬಂಡೆ, ಬಾಗೇಪಲ್ಲಿ, ಚೇಳೂರು ಕಡೆ ಒಳ್ಳೆಯದು. ನಂದಿಬೆಟ್ಟ ಎಲ್ಲರಿಗೂ ಮೊದಲು ನೆನಪಾಗುತ್ತದೆ. ಆದರೆ ರಾತ್ರಿ ಹೊತ್ತು ಹೊರಗಿನವರನ್ನು ಬಿಡುವುದಿಲ್ಲ, ಬಿಟ್ಟರೂ ಎದುರಿಗೇ ಬೆಂಗಳೂರಿನ ಬೆಳಕು. ಆ ಯೋಚನೆ ಬಿಡಿ.

ಕೋಲಾರದವರಿಗೆ ಬೆಂಗಳೂರು ಪಶ್ಚಿಮಕ್ಕಿದೆ. ಆಗ್ನೇಯದಿಂದ ದಕ್ಷಿಣಕ್ಕೆ ನೋಡುವ ಏಪ್ರಿಲ್, ಮೇ ಬೆಳಗಿನ ಜಾವ ನಿಮಗೆ ಹೇಳಿಮಾಡಿಸಿದ್ದು. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಮಾವಿನ ತೋಪುಗಳ ಆಚೆ ಬಯಲು ಹುಡುಕಿ.

ತುಮಕೂರಿನವರಿಗೆ ಬೆಂಗಳೂರು ಆಗ್ನೇಯಕ್ಕಿದೆ. ನಿಮಗೆ ಸಂಜೆಯ ಕಿಟಕಿಯೇ ಮೇಲು. ಅಕ್ಟೋಬರ್, ನವೆಂಬರಿನಲ್ಲಿ ಗೆಲಾಕ್ಸಿ ನೈರುತ್ಯಕ್ಕೆ ಸರಿಯುತ್ತಾ ಹೋಗುತ್ತದೆ, ಬೆಳಕಿಗೆ ಬೆನ್ನು ಹಾಕಿದ ಹಾಗೆ. ಪಾವಗಡ, ಶಿರಾ, ಚಿಕ್ಕನಾಯಕನಹಳ್ಳಿ ಸುತ್ತಿನ ಹಳ್ಳಿಗಳು ಚೆನ್ನ. ಮಧುಗಿರಿ ಬೆಟ್ಟಸಾಲಿನಲ್ಲಿ ಕರಡಿ, ದೇವರಾಯನದುರ್ಗದ ಕಡೆ ಚಿರತೆ ಇವೆ. ಕಾಡಂಚಿಗೆ ಒಬ್ಬರೇ ಹೋಗಬೇಡಿ.

ಯಾವ ಊರೇ ಆಗಲಿ, ಗೊತ್ತಿರುವ ರೈತರ ಕಣ ಸಿಕ್ಕರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಸಮತಟ್ಟು ನೆಲ, ಸುತ್ತ ಮರ ಕಡಿಮೆ. ಮೊದಲೇ ಮಾತಾಡಿ ಒಪ್ಪಿಗೆ ತೆಗೆದುಕೊಳ್ಳಿ, ಪಕ್ಕದ ಮನೆಗಳಿಗೂ ತಿಳಿಸಿ. ಕತ್ತಲಲ್ಲಿ ದೊಡ್ಡ ಕೊಳವೆ ಇಟ್ಟುಕೊಂಡು ನಿಂತವರನ್ನು ಕಂಡರೆ ಯಾರಿಗಾದರೂ ಗಾಬರಿಯಾಗುತ್ತೆ, ಅಲ್ವಾ? ಕೆರೆ ಏರಿ ಬೇಡ, ಇಬ್ಬನಿ ಜಾಸ್ತಿ. ಹಾಸುಬಂಡೆಯೂ ಸಂಜೆಗೆ ಬೇಡ, ಹಗಲಿನ ಬಿಸಿ ರಾತ್ರಿ ಒಂಬತ್ತರವರೆಗೂ ಅದರಿಂದ ಏಳುತ್ತಿರುತ್ತದೆ, ಬಿಂಬ ಅಲ್ಲಾಡುತ್ತದೆ. ಬೆಳಗಿನ ಜಾವಕ್ಕಾದರೆ ಬಂಡೆ ಪರವಾಗಿಲ್ಲ. ಸೇವಂತಿಗೆ ತೋಟಗಳಿಗೆ ಕೆಲವು ಕಡೆ ರಾತ್ರಿ ಸಾಲುಸಾಲು ಬಲ್ಬು ಹಾಕುತ್ತಾರೆ. ಹಗಲು ಹೋಗಿ ಜಾಗ ನೋಡಿ ಬರುವಾಗ ಅದನ್ನೂ ವಿಚಾರಿಸಿ. ಕಾಲಿಗೆ ಶೂ ಇರಲಿ, ಹಾವಿನ ಭಯ ಇದ್ದೇ ಇದೆ.

3. ಟೆಲಿಸ್ಕೋಪ್ ಮತ್ತು ಕಣ್ಣು ಎರಡನ್ನೂ ಹದಕ್ಕೆ ತನ್ನಿ

ಟೆಲಿಸ್ಕೋಪನ್ನು ಮುಕ್ಕಾಲು ಗಂಟೆ ಮುಂಚೆ ಹೊರಗಿಡಿ. ಕನ್ನಡಿ ಹೊರಗಿನ ತಂಪಿಗೆ ಬರಬೇಕು. ಎರಡು ಕನ್ನಡಿಗಳೂ ಒಂದೇ ನೇರಕ್ಕೆ ಇವೆಯೇ ಎಂದು ಪರೀಕ್ಷಿಸಿ. ಇದಕ್ಕೆ ಕಾಲಿಮೇಶನ್ ಎನ್ನುತ್ತಾರೆ. ನಮ್ಮ ರಸ್ತೆಗಳಲ್ಲಿ ಕಾರಿನಲ್ಲಿ ಕುಲುಕಿ ಬಂದಿರುವುದರಿಂದ ಪ್ರತಿ ಸಲವೂ ನೋಡಲೇಬೇಕು.

ಕಣ್ಣಿಗೆ ಅರ್ಧ ಗಂಟೆ ಕತ್ತಲು ಕೊಡಿ. ಆಮೇಲೆ ಮೊಬೈಲ್ ಒಂದು ಸಲ ನೋಡಿದರೂ ಮತ್ತೆ ಮೊದಲಿಂದ. ನಕ್ಷೆಯನ್ನು ಕಾಗದದಲ್ಲಿ ಪ್ರಿಂಟ್ ಹಾಕಿಸಿಕೊಂಡು ಹೋಗುವುದು ಇನ್ನೂ ಒಳ್ಳೆಯದು.

4. ದಾರಿ

ಸಂಜೆಯಾದರೆ ನೆತ್ತಿಯಿಂದ ವಾಯವ್ಯಕ್ಕೆ ಹೊಳೆಯುವ ಅಭಿಜಿತ್ ಕಾಣುತ್ತದೆ. ನೆತ್ತಿಯ ಹತ್ತಿರ ಶ್ರವಣ. ಅಭಿಜಿತ್‌ನಿಂದ ಶ್ರವಣಕ್ಕೆ ಮನಸ್ಸಿನಲ್ಲೇ ಗೆರೆ ಎಳೆಯಿರಿ. ಅದೇ ಗೆರೆಯನ್ನು ಮುಂದೆ ಎರಡು ಮುಷ್ಟಿಗಿಂತ ಸ್ವಲ್ಪ ಹೆಚ್ಚು ಎಳೆದರೆ ಮಕರ ರಾಶಿಯ ಎರಡು ನಕ್ಷತ್ರಗಳು, ಆಲ್ಫಾ ಮತ್ತು ಬೀಟಾ, ಒಂದರ ಕೆಳಗೊಂದು ಸಿಗುತ್ತವೆ. ಕೈ ಪೂರ್ತಿ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಇದು ನೆನಪಿರಲಿ. ಆಲ್ಫಾ ಬರಿಗಣ್ಣಿಗೇ ಜೋಡಿಯಾಗಿ ಕಾಣುತ್ತದೆ. ಗುರುತು ಹಿಡಿಯಲು ಅದೇ ಸಾಕು.

ಬೀಟಾದಿಂದ ಪಶ್ಚಿಮಕ್ಕೆ ಒಂದು ಮುಷ್ಟಿಗಿಂತ ಚೂರು ಕಡಿಮೆ, ಸ್ವಲ್ಪ ದಕ್ಷಿಣಕ್ಕೆ ಬನ್ನಿ. ಅಲ್ಲಿ ಧನು ರಾಶಿಯ 54 ಮತ್ತು 55 ಎಂಬ ಎರಡು ಮಂದ ನಕ್ಷತ್ರಗಳು ಅಕ್ಕಪಕ್ಕದಲ್ಲಿವೆ. ಫೈಂಡರಿನಲ್ಲಿ, ಅಂದರೆ ದಿಕ್ಕು ಹಿಡಿಯಲು ಮೇಲೆ ಕೂರಿಸಿರುವ ಪುಟ್ಟ ದುರ್ಬೀನಿನಲ್ಲಿ, ಚೆನ್ನಾಗಿ ಕಾಣುತ್ತವೆ. 55ನೆಯದು 5.1ರ ಪ್ರಭೆಯದು. ಪ್ರಭೆಯ ಅಂಕಿ ಹೆಚ್ಚಾದಷ್ಟೂ ನಕ್ಷತ್ರ ಮಂದ. ಅದು ನಿಮಗೆ ಬರಿಗಣ್ಣಿಗೆ ಕಂಡರೆ ಆಕಾಶ ಸಾಕಷ್ಟು ಕಪ್ಪಗಿದೆ ಎಂದರ್ಥ. ಕಾಣದಿದ್ದರೆ ಅವತ್ತು ನೀಹಾರಿಕೆಗಳ ಆಸೆ ಇಟ್ಟುಕೊಳ್ಳಬೇಡಿ, ಗೆಲಾಕ್ಸಿ ಕಂಡರೆ ಅಷ್ಟೇ ಸಂತೋಷ.

55ನೆಯದನ್ನು 25 ಮಿ.ಮೀ. ಐಪೀಸಿನ ನಡುವೆ ತನ್ನಿ. ಅಲ್ಲಿಂದ ಉತ್ತರಕ್ಕೆ ಸುಮಾರು 2 ಡಿಗ್ರಿ, ಚೂರು ಪೂರ್ವಕ್ಕೆ. ಐಪೀಸಿನ ನೋಟದ ಅಗಲ ಒಂದು ಡಿಗ್ರಿ ಇರುತ್ತದೆ, ಅಂದರೆ ಎರಡು ನೋಟದಷ್ಟು ದೂರ. ಅಲ್ಲಿರುವುದು ಎನ್‌ಜಿಸಿ 6818. ಅದು ನಮ್ಮ ಗುರಿ ಅಲ್ಲ, ಆದರೆ ಅಲ್ಲಿ ಒಂದು ಪಾಠ ಇದೆ.

ಈಕ್ವಟೋರಿಯಲ್ ಮೌಂಟ್ ಇರುವವರಿಗೆ ಇನ್ನೊಂದು ಸುಲಭದ ದಾರಿ. ಆಕಾಶ ತಿರುಗುವ ಅಕ್ಷಕ್ಕೇ ಹೊಂದಿಸಿ ಕೂರಿಸಿದ ಸ್ಟ್ಯಾಂಡ್ ಅದು. ಮಕರದ ಬೀಟಾ ಮತ್ತು ನಮ್ಮ ಗೆಲಾಕ್ಸಿ ಎರಡೂ ಹೆಚ್ಚುಕಮ್ಮಿ ಒಂದೇ ಅಡ್ಡಗೆರೆಯಲ್ಲಿವೆ. ಬೀಟಾವನ್ನು ನಡುವೆ ತಂದು, ಒಂದು ಅಕ್ಷವನ್ನು ಬಿಗಿ ಮಾಡಿ, ಇನ್ನೊಂದನ್ನು ಪಶ್ಚಿಮಕ್ಕೆ 36 ನಿಮಿಷದಷ್ಟು, ಅಂದರೆ 9 ಡಿಗ್ರಿ ತಿರುಗಿಸಿ. ಗೆಲಾಕ್ಸಿ ನೋಟದೊಳಗೇ ಇರುತ್ತದೆ.

5. ಮೊದಲು 6818ರ ಮೇಲೆ ಫಿಲ್ಟರ್ ಅಭ್ಯಾಸ

ಎನ್‌ಜಿಸಿ 6818 ನಮ್ಮ ಗೆಲಾಕ್ಸಿಯದೇ ವಸ್ತು. ಸಾಯುತ್ತಿರುವ ಒಂದು ನಕ್ಷತ್ರ ಹೊರಚೆಲ್ಲಿದ ಅನಿಲದ ಗುಳ್ಳೆ ಅದು. ಕಡಿಮೆ ಪಟ್ಟಿನಲ್ಲಿ ಸುಮ್ನೆ ಒಂದು ನಕ್ಷತ್ರದ ಹಾಗೆ ಕಾಣುತ್ತದೆ. ನೂರಾರು ಚುಕ್ಕಿಗಳ ನಡುವೆ ಯಾವುದು ಅದು?

ಓ-3 ಫಿಲ್ಟರನ್ನು ಐಪೀಸಿಗೆ ತಿರುಪಬೇಡಿ. ಅಂಚು ಹಿಡಿದು ಕಣ್ಣು ಮತ್ತು ಐಪೀಸಿನ ನಡುವೆ ತನ್ನಿ, ತೆಗೆಯಿರಿ, ಮತ್ತೆ ತನ್ನಿ. ಫಿಲ್ಟರ್ ಅಡ್ಡ ಬಂದ ಕೂಡಲೇ ನಕ್ಷತ್ರಗಳೆಲ್ಲ ಒಟ್ಟಿಗೆ ಮಂಕಾಗುತ್ತವೆ. ಒಂದು ಚುಕ್ಕಿ ಮಾತ್ರ ಜಗ್ಗುವುದಿಲ್ಲ. ಮಿಕ್ಕವೆಲ್ಲ ತಗ್ಗಿದ್ದರಿಂದ ಅದೇ ನೋಟದಲ್ಲಿ ಎದ್ದು ನಿಲ್ಲುತ್ತದೆ. ಫಿಲ್ಟರ್ ತೆಗೆದರೆ ಮತ್ತೆ ಗುಂಪಿನಲ್ಲಿ ಸೇರಿಹೋಗುತ್ತದೆ. ಇದನ್ನು ಹತ್ತು ಸಲ ಮಾಡಿ. ಆ ವ್ಯತ್ಯಾಸ ಕಣ್ಣಿಗೆ ಅಚ್ಚೊತ್ತಬೇಕು. ಇದೇ ಆಟವನ್ನು ಇನ್ನೂ ಎಷ್ಟೋ ಮಂದವಾದ ಚುಕ್ಕಿಗಳ ಮೇಲೆ ಆಡಬೇಕಾಗಿದೆ.

ಎಚ್ಚರ: "ನಾನು ಗೆಲಾಕ್ಸಿಯ ನೀಹಾರಿಕೆ ನೋಡಿದೆ, ದುಂಡಗೆ ಚೆನ್ನಾಗಿತ್ತು" ಎಂದವರಲ್ಲಿ ಎಷ್ಟೋ ಜನ ನೋಡಿರುವುದು ಇದನ್ನೇ. ಸುಲಭವಾಗಿ, ದುಂಡಗೆ, ಹೊಳಪಾಗಿ ಕಂಡರೆ ಅದು 6818. ಅದೂ ನೋಡಲು ಚಂದವೇ. ಆದರೆ ಅದು ನಮ್ಮ ಮನೆಯೊಳಗಿನದು, ಪಕ್ಕದ ಮನೆಯದಲ್ಲ.

6. ಗೆಲಾಕ್ಸಿಯನ್ನು ಹಿಡಿಯುವುದು

ಫಿಲ್ಟರನ್ನು ಜೇಬಿನಲ್ಲಿಡಿ. 25 ಮಿ.ಮೀ. ಐಪೀಸೇ ಇರಲಿ. 6818ರಿಂದ ದಕ್ಷಿಣಕ್ಕೆ, ಚೂರು ಪೂರ್ವಕ್ಕೆ, ಸುಮಾರು 40 ಆರ್ಕ್ ನಿಮಿಷ ಸರಿಯಿರಿ. ಆರ್ಕ್ ನಿಮಿಷ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ. ಹುಣ್ಣಿಮೆ ಚಂದ್ರನ ಅಗಲ ಸುಮಾರು 30 ಆರ್ಕ್ ನಿಮಿಷ.

ಮೊದಲ ನೋಟಕ್ಕೆ ಏನೂ ಕಾಣುವುದಿಲ್ಲ. ಹೆದರಬೇಡಿ. ಕಂಬಳಿಯನ್ನು ತಲೆಯ ಮೇಲಿಂದ ಐಪೀಸಿನವರೆಗೆ ಹೊದ್ದುಕೊಳ್ಳಿ. ಆಕಾಶದ ಬೆಳಕೂ ಪಕ್ಕದಿಂದ ಕಣ್ಣಿಗೆ ಬೀಳಬಾರದು. ಈಗ ನೋಟದ ನಡುವೆ ದಿಟ್ಟಿಸದೆ, ಅಂಚಿನ ಒಂದು ನಕ್ಷತ್ರ ನೋಡುತ್ತಾ ನಡುವಿನ ಕಡೆ ಗಮನ ಕೊಡಿ. ಇದು ಓರೆನೋಟ. ಕಣ್ಣಿನ ನಡುಭಾಗ ಬಣ್ಣಕ್ಕೆ, ಬದಿಗಳು ಮಂದ ಬೆಳಕಿಗೆ. ಟೆಲಿಸ್ಕೋಪಿನ ಕೊಳವೆಯನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿ. ಮಸುಕಾದ ವಸ್ತು ನಿಂತಾಗ ಕಾಣದಿದ್ದರೂ ಅಲ್ಲಾಡಿದಾಗ ಕಾಣುತ್ತದೆ.

ಆಗ ಒಂದು ಕಲೆ ಮೂಡುತ್ತದೆ. ಶಾಲೆಯ ಕರಿಹಲಗೆಯ ಮೇಲೆ ಸೀಮೆಸುಣ್ಣವನ್ನು ಅಂಗೈಯಲ್ಲಿ ಒರೆಸಿದರೆ ಉಳಿಯುತ್ತಲ್ಲ, ಅಂಥ ಕಲೆ. ಉತ್ತರ ದಕ್ಷಿಣವಾಗಿ ಉದ್ದ. ಅಂಚು ಎಲ್ಲಿ ಮುಗಿಯಿತು ಎಂದು ಗೊತ್ತಾಗುವುದಿಲ್ಲ. ಬಣ್ಣ ಇಲ್ಲ. ಫೋಟೋದಲ್ಲಿ ನೋಡಿದ ಗುಲಾಬಿ ನೀಲಿ ಯಾವುದೂ ಇಲ್ಲ. 16 ಲಕ್ಷ ಜ್ಯೋತಿರ್ವರ್ಷದಾಚೆಯ ಒಂದಿಡೀ ನಕ್ಷತ್ರಲೋಕ ಅದು.

ಎಚ್ಚರ: ಇದರ ಒಟ್ಟು ಪ್ರಭೆ ಸುಮಾರು 9 ಎಂದು ಪುಸ್ತಕಗಳಲ್ಲಿ ಇರುತ್ತದೆ. 9ರ ನಕ್ಷತ್ರ ಫೈಂಡರಿನಲ್ಲೇ ಕಾಣುತ್ತಲ್ಲ, ಇದು ಯಾಕೆ ಕಾಣಲ್ಲ ಎಂದು ಕೇಳುತ್ತಾರೆ. ಆ ಬೆಳಕು ಒಂದೇ ಚುಕ್ಕಿಯಲ್ಲಿಲ್ಲ, ಚಂದ್ರನ ಅರ್ಧ ಅಗಲದಷ್ಟು ಜಾಗಕ್ಕೆ ಹರಡಿಹೋಗಿದೆ. ಒಂದು ಚಮಚ ತುಪ್ಪವನ್ನು ಒಂದು ದೋಸೆಗೆ ಹಾಕುವುದಕ್ಕೂ ಇಪ್ಪತ್ತು ದೋಸೆಗೆ ಸವರುವುದಕ್ಕೂ ಇರುವ ವ್ಯತ್ಯಾಸ. ಅದಕ್ಕೇ ಇಲ್ಲಿ ಕಡಿಮೆ ಪಟ್ಟು ಬೇಕು. ಪಟ್ಟು ಹೆಚ್ಚಿಸಿದರೆ ಬೆಳಕು ಇನ್ನೂ ತೆಳುವಾಗುತ್ತದೆ. ಓ-3 ಫಿಲ್ಟರ್ ಹಾಕಿದರೂ ಗೆಲಾಕ್ಸಿ ಮಾಯವಾಗುತ್ತದೆ, ಯಾಕೆಂದರೆ ಗೆಲಾಕ್ಸಿಯ ಬೆಳಕು ನಕ್ಷತ್ರಗಳ ಬೆಳಕು. ನಾನು ಈ ತಪ್ಪು ಮಾಡಿ ಎರಡು ವರ್ಷ ಕಳೆದುಕೊಂಡೆ. ಶುರುವಿಗೇ ಫಿಲ್ಟರ್ ತಿರುಪಿ, 150 ಪಟ್ಟಿನಲ್ಲಿ ಹುಡುಕುತ್ತಿದ್ದೆ.

ಗೆಲಾಕ್ಸಿಗೆ ಕಡಿಮೆ ಪಟ್ಟು, ಬರಿ ಐಪೀಸ್. ಅದರೊಳಗಿನ ನೀಹಾರಿಕೆಗೆ ಹೆಚ್ಚು ಪಟ್ಟು, ಫಿಲ್ಟರ್. ಇವು ಎರಡು ಬೇರೆ ಬೇರೆ ಕೆಲಸ. ಒಟ್ಟಿಗೆ ಮಾಡಲು ಹೋದರೆ ಎರಡೂ ಕೈತಪ್ಪುತ್ತವೆ.

7. ಹಬಲ್ 5 ಮತ್ತು ಹಬಲ್ 10

ಗೆಲಾಕ್ಸಿಯ ಉತ್ತರದ ತುದಿಯನ್ನು ನೋಟದ ನಡುವೆ ತನ್ನಿ. ಅಲುಗಾಡಿಸದೆ ಐಪೀಸ್ ಬದಲಿಸಿ, 8 ಮಿ.ಮೀ. ಹಾಕಿ. ಗೆಲಾಕ್ಸಿಯ ಮಬ್ಬು ಈಗ ಹೆಚ್ಚುಕಮ್ಮಿ ಕರಗಿಹೋಗುತ್ತದೆ. ಅದು ಸರಿಯೇ.

ದಿಕ್ಕು ಗೊತ್ತಿರಬೇಕು. ಕನ್ನಡಿ ಟೆಲಿಸ್ಕೋಪಿನಲ್ಲಿ ಎಲ್ಲ ತಲೆಕೆಳಗು. ಕೈ ಬಿಟ್ಟು ಸುಮ್ಮನೆ ನೋಡಿ. ನಕ್ಷತ್ರಗಳು ಯಾವ ಕಡೆ ಜಾರುತ್ತವೋ ಅದು ಪಶ್ಚಿಮ. ಕೊಳವೆಯನ್ನು ಧ್ರುವ ನಕ್ಷತ್ರದ ಕಡೆಗೆ ಚೂರು ತಳ್ಳಿ. ಹೊಸ ನಕ್ಷತ್ರಗಳು ಯಾವ ಅಂಚಿನಿಂದ ಒಳಗೆ ಬರುತ್ತವೋ ಅದು ಉತ್ತರ.

ಗೆಲಾಕ್ಸಿಯ ನಡುವಿನಿಂದ ಉತ್ತರಕ್ಕೆ ಸುಮಾರು 5 ಆರ್ಕ್ ನಿಮಿಷದಲ್ಲಿ ಎರಡು ನೀಹಾರಿಕೆಗಳು ಪೂರ್ವ ಪಶ್ಚಿಮವಾಗಿ ಕೂತಿವೆ. ಪಶ್ಚಿಮದ್ದು ಹಬಲ್ 5, ಪೂರ್ವದ್ದು ಹಬಲ್ 10. ನಡುವಿನ ದೂರ 3 ಆರ್ಕ್ ನಿಮಿಷ, ಚಂದ್ರನ ಅಗಲದ ಹತ್ತನೇ ಒಂದು ಭಾಗ. ಗಾತ್ರ ಬಹಳ ಸಣ್ಣದು. ಹಬಲ್ 10ರದು ಸುಮಾರು 14 ಆರ್ಕ್ ಸೆಕೆಂಡ್. ಆರ್ಕ್ ನಿಮಿಷದ ಅರವತ್ತನೇ ಒಂದು ಭಾಗವೇ ಆರ್ಕ್ ಸೆಕೆಂಡ್. ಗುರುಗ್ರಹದ ತಟ್ಟೆಯನ್ನು ನೋಡಿದ್ದೀರಲ್ಲ, ಅದರ ಮೂರನೇ ಒಂದು ಭಾಗದಷ್ಟು. ಹಬಲ್ 5 ಅದಕ್ಕಿಂತ ದೊಡ್ಡದು, ಹೆಚ್ಚುಕಮ್ಮಿ ಎರಡರಷ್ಟು. ಹಾಗಾಗಿ ಹರಡಿದ ಮೋಡ ಹುಡುಕಬೇಡಿ. ಕೊಂಚ ಊದಿಕೊಂಡ, ಚೂಪಾಗದ ನಕ್ಷತ್ರ ಹುಡುಕಿ.

ಈಗ 6818ರ ಮೇಲೆ ಕಲಿತದ್ದು. ಕಂಬಳಿ ಹೊದ್ದು, ಓರೆನೋಟದಲ್ಲಿ, ಫಿಲ್ಟರ್ ಒಳಗೆ, ಹೊರಗೆ. ಈ ದಿಕ್ಕಿನಲ್ಲಿ ನಮ್ಮದೇ ಆಕಾಶಗಂಗೆಯ ನಕ್ಷತ್ರಗಳು ಅಡ್ಡ ಬಹಳ ಇವೆ. ಫಿಲ್ಟರ್ ಬಂದಾಗ ಅವೆಲ್ಲ ಒಂದೊಂದಾಗಿ ಆರಿಹೋದ ಹಾಗೆ ಆಗುತ್ತವೆ. ಒಂದು ನಿಲ್ಲುತ್ತದೆ. ಉಸಿರು ಹಿಡಿದು ಕಾಯಿರಿ, ಸ್ವಲ್ಪ ಪಕ್ಕದಲ್ಲಿ ಇನ್ನೊಂದೂ ನಿಂತಿರುತ್ತದೆ. 8 ಇಂಚಿನಲ್ಲಿ ಅವು ಸದಾ ಕಾಣುವುದಿಲ್ಲ, ಬಂದು ಹೋಗಿ ಮಾಡುತ್ತವೆ. ಒಂದೇ ಜಾಗದಲ್ಲಿ ಮೂರು ಸಲ ಕಂಡರೆ ನಂಬಿ. ಒಂದೇ ಸಲ ಕಂಡರೆ ನಂಬಬೇಡಿ, ಮತ್ತೆ ನೋಡಿ.

ಎಚ್ಚರ: ಅಕ್ಟೋಬರ್, ನವೆಂಬರಿನಲ್ಲಿ ಇಬ್ಬನಿ ಬೀಳುತ್ತದೆ. ಫಿಲ್ಟರನ್ನು ಕಣ್ಣಿನ ಹತ್ತಿರ ಹಿಡಿದಾಗ ಉಸಿರಿಗೂ ಮಂಜುಗಟ್ಟುತ್ತದೆ. ಎಲ್ಲ ಮಸುಕಾದಾಗ ಆಕಾಶ ಕೆಟ್ಟಿತು ಎಂದುಕೊಳ್ಳುವ ಮುಂಚೆ ಐಪೀಸಿನ ಗಾಜು ನೋಡಿ. ಬಟ್ಟೆಯಲ್ಲಿ ಒರೆಸಬೇಡಿ, ಗೀರು ಬೀಳುತ್ತದೆ. ಬಳಸದ ಐಪೀಸನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡರೆ ಮೈಬಿಸಿಗೆ ಒಣಗಿರುತ್ತದೆ.

12 ಇಂಚು ಅಥವಾ ಮೇಲಿನದು ಇರುವವರು ಇನ್ನೂ 5 ಆರ್ಕ್ ನಿಮಿಷ ಪಶ್ಚಿಮಕ್ಕೆ ಹೋಗಿ ಹಬಲ್ 1 ಮತ್ತು 3ನ್ನು ಹುಡುಕಬಹುದು. ಅವು ಬಹಳ ಮಂದ.

8. ಬರೆದಿಡಿ

ಒಂದು ವೃತ್ತ ಎಳೆದು ನಕ್ಷತ್ರಗಳನ್ನೂ ಎರಡು ಮಸುಕು ಚುಕ್ಕಿಗಳನ್ನೂ ಪೆನ್ಸಿಲಿನಲ್ಲಿ ಗುರುತಿಸಿ. ದಿನ, ಗಂಟೆ, ಐಪೀಸ್, ಫಿಲ್ಟರ್ ಇತ್ತೋ ಇಲ್ಲವೋ, 55ನೇ ನಕ್ಷತ್ರ ಬರಿಗಣ್ಣಿಗೆ ಕಂಡಿತೋ ಇಲ್ಲವೋ ಬರೆಯಿರಿ. ಮನೆಗೆ ಬಂದ ಮೇಲೆ ಫೋಟೋ ಜೊತೆ ಹೋಲಿಸಿ. ಮೊದಲು ಫೋಟೋ ನೋಡಿ ಹೋದರೆ ಕಣ್ಣು ಕಾಣದ್ದನ್ನೂ ಕಂಡೆ ಎನ್ನುತ್ತದೆ.

ಕ್ಯಾಮೆರಾ ಬಗ್ಗೆ ಎರಡೇ ಮಾತು. ಮೊಬೈಲಿನಲ್ಲಿ ಆಗುವುದಿಲ್ಲ. ಆಕಾಶದ ಜೊತೆ ತಿರುಗುವ ಮೌಂಟ್ ಮೇಲೆ ಡಿಎಸ್‌ಎಲ್‌ಆರ್ ಇಟ್ಟರೆ ಗೆಲಾಕ್ಸಿ ಬರುತ್ತದೆ. ಆದರೆ ಮಾಮೂಲಿ ಕ್ಯಾಮೆರಾದ ಒಳಗಿನ ಫಿಲ್ಟರ್ ಹೈಡ್ರೋಜನ್ನಿನ 656 ನ್ಯಾನೊಮೀಟರ್ ಕೆಂಪನ್ನು ಬಹುಪಾಲು ತಡೆಯುವುದರಿಂದ ನಕ್ಷತ್ರ ಹುಟ್ಟುವ ಜಾಗಗಳು ಕೆಂಪಾಗಿ ಎದ್ದು ಬರುವುದಿಲ್ಲ.

ಟ್ಯಾರಂಟುಲಾ ನೀಹಾರಿಕೆ ನೋಡಬಹುದಾ?

ದೊಡ್ಡ ಮೆಗೆಲಾನಿಕ್ ಮೋಡ ಎಂಬ ಇನ್ನೊಂದು ನೆರೆ ಗೆಲಾಕ್ಸಿಯಲ್ಲಿ ಈ ನೀಹಾರಿಕೆ ಇದೆ. ದೂರ ಸುಮಾರು 1 ಲಕ್ಷ 60 ಸಾವಿರ ಜ್ಯೋತಿರ್ವರ್ಷ. ಬಹಳ ಹೊಳಪಿನದು. ನಮ್ಮ ತೊಂದರೆ ಎತ್ತರ. ನಮ್ಮ ಜಿಲ್ಲೆಗಳಿಂದ ಅದು ದಕ್ಷಿಣದ ಅಂಚಿನಿಂದ ಬರೀ ಏಳೇಳೂವರೆ ಡಿಗ್ರಿ ಏರುತ್ತದೆ. ಚಾಚಿದ ಮುಷ್ಟಿಗಿಂತ ಕಡಿಮೆ. ಅಷ್ಟು ಕೆಳಗೆ ದೂಳು, ಹೊಗೆ, ಊರುಗಳ ಬೆಳಕು ಎಲ್ಲ ಇರುತ್ತದೆ. ಹಾಗಾಗಿ ಮೊದಲ ಗುರಿಯಾಗಿ ಇದನ್ನು ನಾನು ಹೇಳುವುದಿಲ್ಲ. ಬರ್ನಾರ್ಡ್ ಗೆಲಾಕ್ಸಿ ನೋಡಿ ಪಳಗಿದ ಮೇಲೆ ಪ್ರಯತ್ನಿಸಿ.

ಚಿಕ್ಕಬಳ್ಳಾಪುರದವರಿಗೆ ದಕ್ಷಿಣದಲ್ಲಿ ಬೆಂಗಳೂರು ಇರುವುದರಿಂದ ಕಷ್ಟ. ತುಮಕೂರು ಜಿಲ್ಲೆಯ ಕುಣಿಗಲ್, ತುರುವೇಕೆರೆ ಕಡೆ ದಕ್ಷಿಣಕ್ಕೆ ತೆರೆದ ಒಂದು ಸಣ್ಣ ಗುಡ್ಡ ಹುಡುಕಿಕೊಳ್ಳಿ. ಜನವರಿ ಮೊದಲ ವಾರ ಅದು ಅತಿ ಎತ್ತರಕ್ಕೆ ಬರುವುದು ರಾತ್ರಿ ಹನ್ನೊಂದೂಕಾಲರ ಸುಮಾರಿಗೆ, ತಿಂಗಳ ಕೊನೆಗೆ ಒಂಬತ್ತೂಕಾಲಕ್ಕೆ. ಗುರುತು ಅಗಸ್ತ್ಯ ನಕ್ಷತ್ರ. ಅಗಸ್ತ್ಯ ನೇರ ದಕ್ಷಿಣಕ್ಕೆ ಬರುವ ಮುಕ್ಕಾಲು ಗಂಟೆ ಮುಂಚೆ, ಅದಕ್ಕಿಂತ ಸುಮಾರು 17 ಡಿಗ್ರಿ ಕೆಳಗೆ, ಚೂರು ಬಲಕ್ಕೆ 25 ಮಿ.ಮೀ. ಐಪೀಸಿನಲ್ಲಿ ಮೆಲ್ಲಗೆ ಹುಡುಕುತ್ತಾ ಹೋಗಿ. ಇಲ್ಲೂ ಓ-3 ಫಿಲ್ಟರ್ ಕೈಯಲ್ಲಿರಲಿ. ಆ ಗಳಿಗೆಗೆ ಒಂದು ಗಂಟೆ ಮುಂಚೆ ಮತ್ತು ಒಂದು ಗಂಟೆ ಆಮೇಲೆ ಎತ್ತರ ಅಷ್ಟೇನೂ ಕಡಿಮೆಯಾಗಿರುವುದಿಲ್ಲ, ಹಾಗಾಗಿ ಆತುರ ಬೇಡ.